ಹೆಸರು ದೊಡ್ಡದೋ, ತರಬೇತಿ ದೊಡ್ಡದೋ? ಅಮೆರಿಕದ ಪೆಥಾಲಜಿ ರೆಸಿಡೆನ್ಸಿಗಳ ಒಳನೋಟ

ಪ್ರತಿವರ್ಷ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಅಮೆರಿಕದ ಯುವ ವೈದ್ಯರ ಪಾಲಿಗೆ ನಿರ್ಣಾಯಕ ದಿನ. ತಮಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಸ್ನಾತಕೋತ್ತರ ತರಬೇತಿ, ದೊರೆತಿದೆ ಎಂಬುದು ಅಂದು ಅವರಿಗೆ ತಿಳಿಯುತ್ತದೆ. ಪೆಥಾಲಜಿ ಅಥವಾ ರೋಗಶಾಸ್ತ್ರದಲ್ಲಿ ವರ್ಷಕ್ಕೆ ಸುಮಾರು 600 ಸ್ಥಾನಗಳು ಈ ವ್ಯವಸ್ಥೆಯ ಮೂಲಕ ಹಂಚಿಕೆಯಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಪೈಕಿ ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಂದ ತುಂಬುತ್ತಿರುವುದು ಅರ್ಧಕ್ಕಿಂತ ಕಡಿಮೆ. ಉಳಿದವುಗಳಲ್ಲಿ ದೊಡ್ಡ ಪಾಲು ಭಾರತವೂ ಸೇರಿದಂತೆ ಹೊರದೇಶಗಳಲ್ಲಿ ಕಲಿತು ಬಂದವರದು. ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದತ್ತ ಮುಖ ಮಾಡುವವರಿಗೂ ಈ ವಿಭಾಗ ಪರಿಚಿತವಾಗಿರುವುದು ಇದೇ ಕಾರಣದಿಂದ.

ಚರ್ಮರೋಗ ವಿಭಾಗ ಅಥವಾ ನರಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಪೆಥಾಲಜಿಗೆ ಪ್ರವೇಶ ಅಷ್ಟು ಕಠಿಣವಲ್ಲ. ಆದರೆ ಈ ಮಾತು ಒಟ್ಟು ಸ್ಥಾನಗಳಿಗೆ ಅನ್ವಯಿಸುತ್ತದೆಯೇ ಹೊರತು ಬಾಸ್ಟನ್, ಬಾಲ್ಟಿಮೋರ್, ಸ್ಯಾನ್ ಫ್ರಾನ್ಸಿಸ್ಕೋಗಳ ಹೆಸರಾಂತ ವಿಭಾಗಗಳಿಗಲ್ಲ. ಅಲ್ಲಿನ ಬೆರಳೆಣಿಕೆಯ ಸ್ಥಾನಗಳಿಗೆ ತೀವ್ರ ಪೈಪೋಟಿ ಇದೆ. ಹೀಗಾಗಿ ಪ್ರತಿ ಅಭ್ಯರ್ಥಿಯೂ ಎದುರಿಸುವ ಪ್ರಶ್ನೆ ಒಂದೇ: ಸಂಸ್ಥೆಯ ಕೀರ್ತಿಗೆ ಎಷ್ಟು ತೂಕ ಕೊಡಬೇಕು?

ಈ ಪ್ರಶ್ನೆ ಅಭ್ಯರ್ಥಿಯ ವೃತ್ತಿಜೀವನಕ್ಕಷ್ಟೇ ಸೀಮಿತವಾದುದಲ್ಲ. ರೋಗಿಯ ಸ್ತನದಲ್ಲಿ ಕಂಡ ಗಂಟು ಕ್ಯಾನ್ಸರ್ ಹೌದೇ ಅಲ್ಲವೇ, ಕರುಳಿನ ಎಷ್ಟು ಭಾಗ ತೆಗೆಯಬೇಕು, ಯಾವ ಔಷಧಿ ಕೊಡಬೇಕು ಎಂಬ ತೀರ್ಮಾನಗಳೆಲ್ಲ ಪೆಥಾಲಜಿಸ್ಟ್ ಬರೆಯುವ ವರದಿಯ ಮೇಲೆ ನಿಂತಿವೆ. ಆ ವೈದ್ಯನನ್ನು ರೋಗಿ ಸಾಮಾನ್ಯವಾಗಿ ಮುಖತಃ ಕಾಣುವುದೂ ಇಲ್ಲ. ತರಬೇತಿಯಲ್ಲಿ ಉಳಿದುಹೋದ ಕೊರತೆಗೆ ಬೆಲೆ ತೆರುವವನು ಈ ರೋಗಿಯೇ.

ಕೀರ್ತಿ ಬೆಳೆದು ಬಂದ ಬಗೆ

ಇಂದು ದೊಡ್ಡವು ಎನಿಸಿಕೊಂಡಿರುವ ವಿಭಾಗಗಳ ಹೆಸರಿನ ಹಿಂದೆ ದೀರ್ಘ ಇತಿಹಾಸವಿದೆ. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಆರಂಭವಾದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಅಮೆರಿಕದಲ್ಲಿ ರೆಸಿಡೆನ್ಸಿ ಪದ್ಧತಿಗೆ ನೆಲೆ ಒದಗಿಸಿತು. ಅಲ್ಲಿನ ರೋಗಶಾಸ್ತ್ರದ ಮೊದಲ ಪ್ರಾಧ್ಯಾಪಕರು ವಿಲಿಯಂ ವೆಲ್ಚ್. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗಪ್ರಕರಣಗಳ ಚರ್ಚೆ 1920ರ ದಶಕದಿಂದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಗುತ್ತ ಬಂದಿದೆ. ಅದನ್ನು ದೀರ್ಘಕಾಲ ಸಂಪಾದಿಸಿದ ಬೆಂಜಮಿನ್ ಕ್ಯಾಸಲ್ಮನ್ ಅವರ ಹೆಸರು ದುಗ್ಧಗ್ರಂಥಿಗಳ ಒಂದು ಕಾಯಿಲೆಗೇ ಇದೆ.

ಆದರೆ ಇದೇ ಇತಿಹಾಸ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಕೀರ್ತಿಯನ್ನು ಗಳಿಸಿದವರು ವ್ಯಕ್ತಿಗಳು; ವ್ಯಕ್ತಿಗಳು ಒಂದೆಡೆ ನಿಲ್ಲುವುದಿಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಆ್ಯಕರ್ಮನ್ ಅವರು ಶಸ್ತ್ರಚಿಕಿತ್ಸಾ ರೋಗಶಾಸ್ತ್ರದ ದೊಡ್ಡ ಪರಂಪರೆಯೊಂದನ್ನು ಕಟ್ಟಿದರು. ಅವರ ಪಠ್ಯಪುಸ್ತಕ 1953ರಲ್ಲಿ ಹೊರಬಂತು. 1968ರಲ್ಲಿ ರಿಚರ್ಡ್ ಕೆಂಪ್ಸನ್ ಮತ್ತು ರೊನಾಲ್ಡ್ ಡಾರ್ಫ್‌ಮನ್ ಅಲ್ಲಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ಗೆ ತೆರಳಿ ಅದನ್ನು ಮತ್ತೊಂದು ಕೇಂದ್ರವನ್ನಾಗಿ ಬೆಳೆಸಿದರು. ಆ್ಯಕರ್ಮನ್ ಅವರೂ 1973ರಲ್ಲಿ ಸೇಂಟ್ ಲೂಯಿಯನ್ನು ಬಿಟ್ಟರು. ಅವರ ಶಿಷ್ಯ ಹುವಾನ್ ರೊಸಾಯ್ ಇಟಲಿಯಲ್ಲಿ ಹುಟ್ಟಿ, ಅರ್ಜೆಂಟೀನಾದಲ್ಲಿ ಕಲಿತವರು. ಗುರುವಿನ ಪುಸ್ತಕವನ್ನು ಮುಂದುವರಿಸಿದ ಅವರು ಮಿನೆಸೋಟ, ಯೇಲ್, ನ್ಯೂಯಾರ್ಕ್‌ಗಳಲ್ಲಿ ಸೇವೆ ಸಲ್ಲಿಸಿ ಕೊನೆಗೆ ಮಿಲಾನ್ ಸೇರಿದರು.

ಗುರು ಹೋದ ಮೇಲೂ ಸಂಸ್ಥೆಯ ಹೆಸರು ಹಲವು ವರ್ಷ ಉಳಿಯುತ್ತದೆ. ಹೊಸ ಗುರು ಬಂದ ಕಡೆ ಹೆಸರು ಬರುವುದಕ್ಕೂ ಹಲವು ವರ್ಷ ಬೇಕು. ಆದ್ದರಿಂದ ಕೀರ್ತಿ ಎಂಬುದು ಬಹುಮಟ್ಟಿಗೆ ನಿನ್ನೆಯ ವರದಿ. ಇಂದು ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಲಿಸುವವರು ಯಾರು ಎಂಬುದನ್ನು ಅಭ್ಯರ್ಥಿ ಬೇರೆಯಾಗಿಯೇ ವಿಚಾರಿಸಿಕೊಳ್ಳಬೇಕಾಗುತ್ತದೆ.

ಶ್ರೇಯಾಂಕ ಪಟ್ಟಿಗಳ ಮಿತಿ

2014ರಲ್ಲಿ ಡಾಕ್ಸಿಮಿಟಿ ಎಂಬ ವೈದ್ಯರ ಜಾಲತಾಣ ರೆಸಿಡೆನ್ಸಿಗಳ ಶ್ರೇಯಾಂಕವನ್ನು ಪ್ರಕಟಿಸಲಾರಂಭಿಸಿತು. ಆಯಾ ವಿಭಾಗದ ವೈದ್ಯರು ಯಾವ ಸಂಸ್ಥೆಗಳನ್ನು ಹೆಸರಿಸುತ್ತಾರೆ ಎಂಬುದೇ ಅದರ ಮುಖ್ಯ ಆಧಾರ. ತಾನು ಕಲಿತ ಸಂಸ್ಥೆಯೊಂದನ್ನು ಬಿಟ್ಟರೆ ಉಳಿದವುಗಳ ಒಳಗುಟ್ಟು ಅರಿಯದ ವೈದ್ಯ ಸಹಜವಾಗಿಯೇ ಕೇಳಿದ ಹೆಸರನ್ನೇ ಬರೆಯುತ್ತಾನೆ. ಹೆಚ್ಚು ರೆಸಿಡೆಂಟರನ್ನು ಹೊರತಂದ ದೊಡ್ಡ ವಿಭಾಗಕ್ಕೆ ಹೆಚ್ಚು ಮತ ಬೀಳುವುದೂ ಸಹಜ. ಅಂದರೆ ಇಂತಹ ಪಟ್ಟಿ ಅಳೆಯುವುದು ಹೆಸರನ್ನೇ ಹೊರತು ಕಲಿಕೆಯನ್ನಲ್ಲ.

ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ವಿಭಾಗಕ್ಕೆ ಬರುವ ಸಂಶೋಧನಾ ಅನುದಾನ ಇನ್ನೊಂದು ಅಳತೆಗೋಲು. ಪ್ರಯೋಗಾಲಯದ ಸಂಶೋಧನೆಯನ್ನೇ ಬಾಳಾಗಿಸಿಕೊಳ್ಳಬಯಸುವವನಿಗೆ ಇದು ಉಪಯುಕ್ತ. ಆದರೆ ಇಲಿಗಳ ಮೇಲೆ ಪ್ರಯೋಗ ನಡೆಸುವ ವಿಜ್ಞಾನಿಯ ಅನುದಾನದಿಂದ ಬಯಾಪ್ಸಿ ಓದುವ ಕಲೆ ರೆಸಿಡೆಂಟನಿಗೆ ತಾನಾಗಿ ಬರುವುದಿಲ್ಲ.

ಅಳೆಯಬೇಕಾದದ್ದು ಏನನ್ನು?

ಅನಾಟಮಿಕ್ ಮತ್ತು ಕ್ಲಿನಿಕಲ್ ಪೆಥಾಲಜಿಗಳೆರಡನ್ನೂ ಒಳಗೊಂಡ ಸಂಯುಕ್ತ ತರಬೇತಿ ನಾಲ್ಕು ವರ್ಷದ್ದು. ಒಂದನ್ನೇ ಆಯ್ದುಕೊಂಡರೆ ಮೂರು ವರ್ಷ. ಈ ಅವಧಿಯಲ್ಲಿ ರೆಸಿಡೆಂಟ್ ಕನಿಷ್ಠ 2,000 ಶಸ್ತ್ರಚಿಕಿತ್ಸಾ ಮಾದರಿಗಳನ್ನು, 1,500 ಜೀವಕೋಶ ಪರೀಕ್ಷೆಗಳನ್ನು ಹಾಗೂ 200 ಫ್ರೋಜನ್ ಸೆಕ್ಷನ್‌ಗಳನ್ನು ನೋಡಿರಬೇಕೆಂಬ ನಿಯಮವಿದೆ. ಫ್ರೋಜನ್ ಸೆಕ್ಷನ್ ಎಂದರೆ ರೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ಅಂಗಾಂಶವನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಕೆಲವೇ ನಿಮಿಷಗಳಲ್ಲಿ ತೀರ್ಪು ಕೊಡುವ ಪರೀಕ್ಷೆ. ಶವಪರೀಕ್ಷೆಗಳ ಕನಿಷ್ಠ ಸಂಖ್ಯೆ ಬಹುಕಾಲ 50 ಇತ್ತು. ಆಸ್ಪತ್ರೆಗಳಲ್ಲಿ ಶವಪರೀಕ್ಷೆಗಳೇ ವಿರಳವಾದಂತೆ ಅದನ್ನು 30ಕ್ಕೆ ಇಳಿಸಲಾಯಿತು.

ಮಾನ್ಯತೆ ಪಡೆದ ಎಲ್ಲ ವಿಭಾಗಗಳೂ ಈ ಕನಿಷ್ಠವನ್ನು ಪೂರೈಸಲೇಬೇಕು. ವ್ಯತ್ಯಾಸ ಕಾಣುವುದು ಅದರಾಚೆಗೆ. ಮೊದಲನೆಯದು ಗ್ರಾಸಿಂಗ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗವನ್ನು ಬರಿಗಣ್ಣಿನಿಂದ ಪರಿಶೀಲಿಸಿ, ಅಳೆದು, ಸ್ಲೈಡಿಗೆ ಬೇಕಾದ ತುಂಡುಗಳನ್ನು ಆಯುವ ಕೆಲಸವಿದು. ಇದನ್ನು ಕಲಿಯದ ಪೆಥಾಲಜಿಸ್ಟ್ ಅರೆಬರೆ ಪೆಥಾಲಜಿಸ್ಟ್. ಆದರೆ ನೂರನೆಯ ಪಿತ್ತಕೋಶವನ್ನು ಕತ್ತರಿಸುವುದರಲ್ಲಿ ಹೊಸ ಪಾಠವೇನೂ ಇಲ್ಲ. ಇಂತಹ ನಿತ್ಯದ ಕೆಲಸಕ್ಕೆ ತರಬೇತಿ ಪಡೆದ ಸಹಾಯಕರು ಎಷ್ಟು ಮಂದಿ ಇದ್ದಾರೆಂಬುದು ಮಹತ್ವದ ಪ್ರಶ್ನೆ. ಅವರಿಲ್ಲದ ಕಡೆ, ಸಂಸ್ಥೆ ಎಷ್ಟೇ ಹೆಸರಾಂತದ್ದಾಗಿದ್ದರೂ, ರೆಸಿಡೆಂಟ್ ರಾತ್ರಿಯವರೆಗೂ ಕತ್ತರಿಸುತ್ತ ನಿಂತು ಮರುದಿನದ ಸ್ಲೈಡುಗಳನ್ನು ಮುಂಚಿತವಾಗಿ ನೋಡಿಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಹಿರಿಯರು ಉತ್ತರ ಹೇಳುವ ಮೊದಲು ತಾನೇ ಒಂದು ರೋಗನಿರ್ಣಯ ಬರೆದಿಟ್ಟು ಅದರಲ್ಲಿ ತಪ್ಪುವುದೇ ಈ ವಿದ್ಯೆಯ ಮುಖ್ಯ ಪಾಠವಾದ್ದರಿಂದ ಆ ಸಮಯಕ್ಕೆ ಬೆಲೆ ಕಟ್ಟಲಾಗದು.

ಎರಡನೆಯದು ವರದಿಗೆ ಸಹಿ ಹಾಕುವ ಪದ್ಧತಿ. ದೊಡ್ಡ ಕೇಂದ್ರಗಳಲ್ಲಿ ಸ್ತನ, ಮೂತ್ರಪಿಂಡ, ಯಕೃತ್ತು ಎಂದು ಅಂಗವಾರು ತಜ್ಞರು ಪ್ರತ್ಯೇಕವಾಗಿ ಸಹಿ ಹಾಕುತ್ತಾರೆ. ಇದರಿಂದ ಆಳವಾದ ಜ್ಞಾನ ದೊರೆಯುತ್ತದೆ. ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲಿ ಒಬ್ಬರೇ ಎಲ್ಲವನ್ನೂ ನೋಡುವ ರೂಢಿಯಿದೆ. ಮುಂದೆ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಇಬ್ಬರು ಮೂವರ ತಂಡದಲ್ಲಿ ದುಡಿಯುವವನಿಗೆ ಈ ಎರಡನೆಯ ಬಗೆಯ ಅಭ್ಯಾಸವೇ ಹೆಚ್ಚು ಆಸರೆಯಾದೀತು. ಅಲ್ಲದೆ ಪ್ರಸಿದ್ಧ ಕೇಂದ್ರಗಳಲ್ಲಿ ಫೆಲೋಗಳ ಸಂಖ್ಯೆಯೂ ಹೆಚ್ಚು. ಕಠಿಣ ಪ್ರಕರಣಗಳು ಮೊದಲು ಅವರ ಕೈಸೇರಿ, ರೆಸಿಡೆಂಟ್ ಪಕ್ಕದಲ್ಲಿ ಕುಳಿತು ನೋಡುವುದಷ್ಟೇ ಉಳಿಯುವ ಸಂಭವವೂ ಇದೆ.

ಮೂರನೆಯದು ಕ್ಲಿನಿಕಲ್ ಪೆಥಾಲಜಿ. ರಕ್ತನಿಧಿ, ಸೂಕ್ಷ್ಮಜೀವಿಶಾಸ್ತ್ರ, ರಾಸಾಯನಿಕ ಪರೀಕ್ಷೆಗಳನ್ನೊಳಗೊಂಡ ಈ ಭಾಗ ಕೆಲವೆಡೆ ಹೆಸರಿಗಷ್ಟೇ ನಡೆಯುತ್ತದೆ. ರಕ್ತ ಮರುಪೂರಣದಲ್ಲಿ ತೊಂದರೆಯಾದಾಗ ರಾತ್ರಿ ಕರೆ ಬರುವುದು ಯಾರಿಗೆ ಎಂದು ಕೇಳಿದರೆ ಅಲ್ಲಿನ ತರಬೇತಿಯ ನಿಜಸ್ಥಿತಿ ಗೊತ್ತಾಗುತ್ತದೆ. ಇವುಗಳ ಜೊತೆಗೆ ಕಳೆದ ಐದು ವರ್ಷಗಳಲ್ಲಿ ಅಲ್ಲಿಂದ ಹೊರಬಂದವರು ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಯತ್ನದಲ್ಲೇ ತೇರ್ಗಡೆಯಾದರೇ, ಯಾವ ಫೆಲೋಶಿಪ್ ಪಡೆದರು, ಮಧ್ಯದಲ್ಲಿ ಬಿಟ್ಟುಹೋದವರು ಇದ್ದಾರೆಯೇ ಎಂಬ ಮಾಹಿತಿಯನ್ನು ಸಂದರ್ಶನದ ವೇಳೆ ಸಂಕೋಚವಿಲ್ಲದೆ ಕೇಳಬಹುದು. ಸ್ಪಷ್ಟ ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ.

ಆದರೂ ಹೆಸರು ಹಗುರವಲ್ಲ

ಇಷ್ಟಾದರೂ ಕೀರ್ತಿಯನ್ನು ಪೂರ್ಣವಾಗಿ ತಳ್ಳಿಹಾಕುವುದು ವಿವೇಕವಲ್ಲ. ಪೆಥಾಲಜಿಯಲ್ಲಿ ರೆಸಿಡೆನ್ಸಿಯ ನಂತರ ಒಂದೆರಡು ಫೆಲೋಶಿಪ್ ಮಾಡುವುದು ಹೆಚ್ಚುಕಡಿಮೆ ಕಡ್ಡಾಯದಂತಾಗಿದೆ. ಆ ಆಯ್ಕೆಯಲ್ಲಿ ಪರಿಚಿತ ಪ್ರಾಧ್ಯಾಪಕರ ಒಂದು ಪತ್ರ ಬಹಳಷ್ಟು ಕೆಲಸ ಮಾಡುತ್ತದೆ. ದೊಡ್ಡ ಕೇಂದ್ರಗಳಿಗೆ ಇತರ ಆಸ್ಪತ್ರೆಗಳು ಎರಡನೆಯ ಅಭಿಪ್ರಾಯಕ್ಕಾಗಿ ಕಳುಹಿಸುವ ಅಪರೂಪದ ಪ್ರಕರಣಗಳು ಬೇರೆಡೆ ನೋಡಸಿಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಬಯಸುವವನಿಗೆ ಇವೆರಡೂ ಅಮೂಲ್ಯ.

ಆಸ್ಪತ್ರೆಯ ಆರ್ಥಿಕ ಸ್ಥಿತಿಯನ್ನೂ ಮರೆಯುವಂತಿಲ್ಲ. 2019ರಲ್ಲಿ ಫಿಲಡೆಲ್ಫಿಯಾದ ಹಾನೆಮನ್ ವಿಶ್ವವಿದ್ಯಾಲಯ ಆಸ್ಪತ್ರೆ ದಿವಾಳಿಯಾಗಿ ಮುಚ್ಚಿದಾಗ 500ಕ್ಕೂ ಹೆಚ್ಚು ತರಬೇತಿ ವೈದ್ಯರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ನೆಲೆ ಹುಡುಕಬೇಕಾಯಿತು. ವೀಸಾದ ಮೇಲೆ ಅಲ್ಲಿದ್ದವರ ಆತಂಕ ಇನ್ನೂ ಹೆಚ್ಚಿನದಾಗಿತ್ತು.

ಭಾರತದಿಂದ ಹೋಗುವವರಿಗೆ

ಭಾರತದಲ್ಲಿ ಮೂರು ವರ್ಷದ ಎಂ.ಡಿ. ಪೆಥಾಲಜಿ ಮುಗಿಸಿದವರೂ ಅಮೆರಿಕದಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದ ಮಾಡಬೇಕು. ಹಿಂದೆ ಯು.ಎಸ್.ಎಂ.ಎಲ್.ಇ. ಮೊದಲ ಹಂತದ ಅಂಕಗಳೇ ಹೊರದೇಶದವರ ಬಲವಾಗಿದ್ದವು. 2022ರ ಜನವರಿಯಿಂದ ಆ ಪರೀಕ್ಷೆ ತೇರ್ಗಡೆ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸುವುದರಿಂದ ಎರಡನೆಯ ಹಂತದ ಅಂಕ, ಅಮೆರಿಕದ ಪ್ರಯೋಗಾಲಯದಲ್ಲಿ ಕಳೆದ ಅವಧಿ ಮತ್ತು ಶಿಫಾರಸು ಪತ್ರಗಳಿಗೆ ತೂಕ ಹೆಚ್ಚಾಗಿದೆ.

ವೀಸಾ ವಿಚಾರದಲ್ಲಿ ಸಂಸ್ಥೆಯ ಕೀರ್ತಿಗಿಂತ ಅದರ ನೀತಿ ಮುಖ್ಯ. ಜೆ-1 ವೀಸಾದವರು ತರಬೇತಿಯ ನಂತರ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಇಲ್ಲವೇ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ದುಡಿದು ವಿನಾಯಿತಿ ಪಡೆಯಬೇಕು. ಎಚ್-1ಬಿ ವೀಸಾಕ್ಕೆ ಮೂರನೆಯ ಹಂತದ ಪರೀಕ್ಷೆ ಮೊದಲೇ ಮುಗಿದಿರಬೇಕು. ಎಲ್ಲ ಸಂಸ್ಥೆಗಳೂ ಅದನ್ನು ಕೊಡುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲಂತೂ ಅರ್ಜಿ ಹಾಕುವ ಮೊದಲೇ ಈ ಬಗ್ಗೆ ಲಿಖಿತ ಮಾಹಿತಿ ಪಡೆಯುವುದು ಅಗತ್ಯ.

ಪಟ್ಟಿ ಬರೆಯುವ ಹೊತ್ತು

ಎಲ್ಲ ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿ ತನ್ನ ಆದ್ಯತೆಯ ಪಟ್ಟಿಯನ್ನು ಸಲ್ಲಿಸುತ್ತಾನೆ. ಸಂಸ್ಥೆಗಳೂ ತಮ್ಮ ಪಟ್ಟಿ ಸಲ್ಲಿಸುತ್ತವೆ. 1952ರಿಂದ ನಡೆದುಬಂದಿರುವ ಈ ಹೊಂದಾಣಿಕೆಯ ಸೂತ್ರವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಪರಿಷ್ಕರಿಸಿದರು. 1998ರಿಂದ ಅದು ಬಳಕೆಯಲ್ಲಿದೆ. ಇಂತಹ ಹೊಂದಾಣಿಕೆಗಳ ಅಧ್ಯಯನಕ್ಕಾಗಿ ರಾತ್ ಅವರು ಲಾಯ್ಡ್ ಶಾಪ್ಲಿ ಅವರೊಂದಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದರು. ಈ ಸೂತ್ರ ಆರಂಭವಾಗುವುದು ಅಭ್ಯರ್ಥಿಯ ಇಚ್ಛೆಯಿಂದ. ಮೊದಲ ಆಯ್ಕೆ ಕೈತಪ್ಪಿದರೂ ಎರಡನೆಯದರಲ್ಲಿ ಅವನ ಅವಕಾಶ ಕಡಿಮೆಯಾಗುವುದಿಲ್ಲ. ಆದ್ದರಿಂದ ಎಲ್ಲಿ ಸಿಗಬಹುದು ಎಂಬ ಲೆಕ್ಕಾಚಾರಕ್ಕಿಂತ ಎಲ್ಲಿ ಕಲಿಯಬೇಕೆಂದಿದೆ ಎಂಬ ಕ್ರಮದಲ್ಲೇ ಪಟ್ಟಿ ಬರೆಯುವುದು ಲಾಭಕರ.

ಹೀಗಾಗಿ ಪ್ರಶ್ನೆ ಮತ್ತೆ ಅಭ್ಯರ್ಥಿಯ ಮುಂದೆಯೇ ಬಂದು ನಿಲ್ಲುತ್ತದೆ. ಸಂಶೋಧನೆ ಬೇಕೇ, ಅಧ್ಯಾಪನವೇ, ಊರಿನ ಆಸ್ಪತ್ರೆಯ ಸೇವೆಯೇ ಎಂಬುದನ್ನು ಮೊದಲು ನಿರ್ಧರಿಸಿಕೊಂಡವನಿಗೆ ಕೀರ್ತಿ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ. ನಾಲ್ಕು ವರ್ಷಗಳ ನಂತರ ಒಬ್ಬನೇ ಕುಳಿತು ಅಪರಿಚಿತ ರೋಗಿಯ ಸ್ಲೈಡ್ ನೋಡುವಾಗ ಗೋಡೆಯ ಮೇಲಿನ ಪ್ರಮಾಣಪತ್ರ ಉತ್ತರ ಹೇಳುವುದಿಲ್ಲ. ಕಣ್ಣು ಕಲಿತದ್ದಷ್ಟೇ ಅಲ್ಲಿ ನೆರವಿಗೆ ಬರುತ್ತದೆ.