ಬೆಟ್ಟಿಗೊಂದು ತಳಿ, ಬೈಲಿಗೊಂದು ತಳಿ

ಬೈಂದೂರಿನಿಂದ ಬ್ರಹ್ಮಾವರದವರೆಗೆ ಭತ್ತದ ಭೂಮಿಯಲ್ಲಿ ಮೂರು ಬಗೆ: ಬೆಟ್ಟು, ಮಜಲು, ಬೈಲು. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆ ಬಿಟ್ಟರೆ ನೀರು ನಿಲ್ಲದು. ಅಲ್ಲಿಗೆ ಬೇಗ ಕೊಯ್ಲಿಗೆ ಬರುವ ತಳಿಯೇ ಆಗಬೇಕು. ತಗ್ಗಿನ ಬೈಲಿನಲ್ಲಿ ನೀರು ದಿನಗಟ್ಟಲೆ ತುಂಬಿರುತ್ತದೆ. ಅದನ್ನು ತಾಳಿಕೊಳ್ಳುವ ತಳಿ ಬೇಕು. ಹಾಗಾಗಿ ‘ಒಳ್ಳೆಯ ಬೀಜ ಯಾವುದು’ ಎಂಬ ಪ್ರಶ್ನೆಗೆ ಮೊದಲು ‘ಯಾವ ಗದ್ದೆಗೆ’ ಎಂದು ಕೇಳದೆ ಉತ್ತರವಿಲ್ಲ. ಮನುಷ್ಯರ ಸಾಮರ್ಥ್ಯವನ್ನೂ ಇದೇ ಕ್ರಮದಲ್ಲಿ ಅಳೆಯಬೇಕೆಂದು ನಾನು ವಾದಿಸುತ್ತೇನೆ.

ಸೌಪರ್ಣಿಕೆ ಉಕ್ಕಿದಾಗ ನಾವುಂದದ ಸುತ್ತಲಿನ ತಗ್ಗುಗದ್ದೆಗಳು ಮುಳುಗುತ್ತವೆ. ನೀರಿನಡಿ ಸಿಕ್ಕಿದ ಭತ್ತದ ಸಸಿಗೆ ಗಾಳಿ, ಬೆಳಕು ಎರಡೂ ಸಾಲದು. ಆಗ ಕೆಲವು ತಳಿಗಳು ಎತ್ತರಕ್ಕೆ ಬೆಳೆದು ತಲೆಯನ್ನು ನೀರಿನ ಮೇಲೆ ಚಾಚುತ್ತವೆ. ಈ ಗುಣಕ್ಕೆ ಕಾರಣವಾದ ‘ಸ್ನಾರ್ಕೆಲ್’ ವಂಶವಾಹಿಗಳನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದರು. ಒಡಿಶಾ ಮೂಲದ ಎಫ್‌ಆರ್‌13ಎ ತಳಿಯದು ತದ್ವಿರುದ್ಧ ಹಾದಿ. 2006ರಲ್ಲಿ ಗುರುತಿಸಲಾದ ಅದರ ‘ಸಬ್1ಎ’ ವಂಶವಾಹಿ ಬೆಳವಣಿಗೆಯನ್ನೇ ತಡೆಹಿಡಿಯುತ್ತದೆ. ಸಸಿ ತನ್ನಲ್ಲಿರುವ ಸಕ್ಕರೆಯನ್ನು ಉಳಿಸಿಕೊಂಡು ಸುಮ್ಮನಿರುತ್ತದೆ, ಸುಮಾರು ಎರಡು ವಾರದೊಳಗೆ ನೀರು ಇಳಿದರೆ ಮತ್ತೆ ಚಿಗುರುತ್ತದೆ. ಇವೆರಡರಲ್ಲಿ ಯಾವುದು ಹೆಚ್ಚು ಸಮರ್ಥ? ತಿಂಗಳುಗಟ್ಟಲೆ ನಿಲ್ಲುವ ಆಳದ ನೀರಿನಲ್ಲಿ ಸುಮ್ಮನಿದ್ದ ಸಸಿ ಕೊಳೆಯುತ್ತದೆ. ಬಂದು ಹೋಗುವ ನೆರೆಯಲ್ಲಿ ಚಾಚಿ ಬೆಳೆದ ಸಸಿ ಶಕ್ತಿ ಸೋರಿ, ನೀರಿಳಿದ ಮೇಲೆ ಅಡ್ಡಬೀಳುತ್ತದೆ. ಒಂದೇ ನೀರು, ಒಂದೇ ಜಾತಿಯ ಬೆಳೆ. ಆದರೂ ಒಂದು ಕಡೆ ಬಲವಾದದ್ದು ಇನ್ನೊಂದು ಕಡೆ ಸಾವಿಗೆ ಕಾರಣ.

ಎಲ್ಲೆಡೆ ಗೆಲ್ಲುವ ಬೀಜವೂ ಇದೆಯಲ್ಲ, ಹಸಿರು ಕ್ರಾಂತಿ ಅದನ್ನು ತೋರಿಸಿತಲ್ಲ ಎಂದು ಕೇಳಬಹುದು. 1966ರಲ್ಲಿ ಬಂದ ಗಿಡ್ಡ ತಳಿ ಐಆರ್‌8 ಹಲವು ದೇಶಗಳಲ್ಲಿ ಹೆಚ್ಚು ಇಳುವರಿ ಕೊಟ್ಟದ್ದು ನಿಜ. ಆದರೆ ಅದು ಗೆದ್ದಲ್ಲೆಲ್ಲ ಗೊಬ್ಬರವಿತ್ತು, ಹದವಾದ ನೀರಿತ್ತು. ಬೀಜದ ಜೊತೆಗೆ ಅದಕ್ಕೊಪ್ಪುವ ಗದ್ದೆಯನ್ನೂ ಸಿದ್ಧಪಡಿಸಲಾಗಿತ್ತು. ಆಳದ ಬೈಲಿನಲ್ಲಿ ಅದೇ ಗಿಡ್ಡತನ ಮುಳುವಾಗುತ್ತದೆ.

ಮನುಷ್ಯ ಭತ್ತವಲ್ಲ, ಕಲಿತು ಬದಲಾಗಬಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಸ್ವರ್ಣ ತಳಿಗೆ ಸಬ್1 ಸೇರಿಸಿದಾಗ ಅದೂ ಹೊಸ ಶಕ್ತಿಯನ್ನು ಪಡೆಯಿತು. ಆ ಶಕ್ತಿ ಕಾಣಿಸಿದ್ದು ಮಾತ್ರ ನೆರೆ ಬಂದ ಗದ್ದೆಯಲ್ಲಿ. ಕಲಿಕೆಗೂ ಈ ಮಾತು ಸಲ್ಲುತ್ತದೆ. ವ್ಯಕ್ತಿ ಮತ್ತು ಪರಿಸರ ಎರಡೂ ಸೇರಿ ನಡವಳಿಕೆಯನ್ನು ರೂಪಿಸುತ್ತವೆ ಎಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1936ರಲ್ಲೇ ಸೂತ್ರವಾಗಿ ಬರೆದಿದ್ದರು. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದು: ‘ಅವರವರಿಗೆ ತಕ್ಕ ಜಾಗ’ ಎಂಬ ಮಾತನ್ನೇ ಹಿಡಿದು ನಮ್ಮ ಸಮಾಜ ಹುಟ್ಟಿನಿಂದಲೇ ಕಸುಬನ್ನು ಕಟ್ಟಿಕೊಟ್ಟಿತು, ಹೆಣ್ಣುಮಕ್ಕಳನ್ನು ಒಳಗೆ ಕೂಡಿಹಾಕಿತು. ಈ ಭಯ ಸಕಾರಣ. ಆದರೆ ಕೃಷಿ ವಿಜ್ಞಾನ ಎಂದೂ ಹಾಗೆ ತೀರ್ಮಾನಿಸುವುದಿಲ್ಲ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಂಥ ಕಡೆ ತಳಿಯ ಯೋಗ್ಯತೆಯನ್ನು ಅಳೆಯುವುದು ಬೆಳೆದು ನೋಡಿ. ಬಿಡುಗಡೆಗೆ ಮುನ್ನ ಅದನ್ನು ಹಲವು ಊರುಗಳಲ್ಲಿ, ಹಲವು ಹಂಗಾಮುಗಳಲ್ಲಿ ಬೆಳೆಸುತ್ತಾರೆ, ಏಕೆಂದರೆ ಒಂದು ವರ್ಷದ ಮಳೆ ಮೋಸಮಾಡಬಹುದು. ಹುಟ್ಟಿನ ಆಧಾರದ ತೀರ್ಪಿನಲ್ಲಿ ಇಂಥ ಪ್ರಯೋಗಕ್ಕೆ ಜಾಗವೇ ಇರಲಿಲ್ಲ.

ನಮ್ಮ ಮಕ್ಕಳಿಗೂ ಅಷ್ಟು ಗದ್ದೆಗಳು ಸಿಗುತ್ತಿಲ್ಲ. ಪಿಯು ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಮತ್ತೆ ಮತ್ತೆ ಮುಂಚೂಣಿಯಲ್ಲಿರುವುದು ಸಂತೋಷದ ಸಂಗತಿ, ಶಿಕ್ಷಕರ ಶ್ರಮದ ಫಲ. ಆದರೆ ಲಿಖಿತ ಪರೀಕ್ಷೆ ಒಂದು ಬಗೆಯ ಗದ್ದೆ ಮಾತ್ರ. ಹತ್ತನೆಯ ತರಗತಿಯ ಹುಡುಗಿಗೆ ವಿಜ್ಞಾನವೋ ವಾಣಿಜ್ಯವೋ ಎಂದು ಕೇಳುವ ಮೊದಲು ಗಂಗೊಳ್ಳಿ ಬಂದರಿನ ದೋಣಿ ಎಂಜಿನ್ ದುರಸ್ತಿಯಲ್ಲಿ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ಯಕ್ಷಗಾನದ ಚೌಕಿಯಲ್ಲಿ, ಸಹಕಾರಿ ಸಂಘದ ಲೆಕ್ಕದ ಮೇಜಿನಲ್ಲಿ ಕೆಲವು ವಾರ ಕಳೆಯಲು ಶಾಲೆಯೇ ಏರ್ಪಾಡು ಮಾಡಬೇಕು. ಮೊದಲ ಜಾಗ ಒಗ್ಗದಿದ್ದರೆ ಅದನ್ನು ಅವಳ ಸೋಲೆಂದು ಬರೆದಿಡದೆ, ಮುಂದಿನ ಜಾಗಕ್ಕೆ ಕಳುಹಿಸಬೇಕು.