ಶರಾವತಿ ಹಿನ್ನೀರಿನಾಚೆ ಸಿಗ್ನಲ್ ಹುಡುಕುತ್ತ

ಸಾಗರದಿಂದ ಸಿಗಂದೂರಿನ ದಾರಿ ಹಿಡಿದರೆ ಅಂಬಾರಗೋಡ್ಲಿನಲ್ಲಿ ಶರಾವತಿ ಹಿನ್ನೀರು ಎದುರಾಗುತ್ತದೆ. 2025ರ ಜುಲೈವರೆಗೂ ಇಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಈಗ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ನಿಮಿಷಗಳಲ್ಲೇ ಕಳಸವಳ್ಳಿ ದಡ ಮುಟ್ಟಿಸುತ್ತದೆ.

ಆಚೆಗಿರುವುದು ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಗದ್ದೆ, ತೋಟ ಕಳೆದುಕೊಂಡವರ ನಾಡು. ರಾಜ್ಯಕ್ಕೆ ಕರೆಂಟು ಕೊಡಲು ಮುಳುಗಿದವರು ತಮ್ಮ ಮನೆಯ ದೀಪಕ್ಕೆ ವರ್ಷಗಟ್ಟಲೆ ಕಾದರು. ಆಮೇಲೆ ಕಾದಿದ್ದು ಮೊಬೈಲ್ ಸಿಗ್ನಲ್ಲಿಗೆ. ನೆಟ್‌ವರ್ಕ್ ಕೊಡದಿದ್ದರೆ ಓಟೂ ಇಲ್ಲ ಎಂಬ ಚಳವಳಿಯನ್ನೂ ಈ ಸೀಮೆ ಕಂಡಿದೆ.

ತುಮರಿ ಪೇಟೆಯಲ್ಲಿ ಫೋನು ಮಾತಾಡುತ್ತದೆ. ಒಳದಾರಿಗೆ ತಿರುಗಿ ಗುಡ್ಡ ಇಳಿದರೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯ. ಒಂದು ಕಣಿವೆಗೆ ನಾಲ್ಕಾರು ಮನೆ, ನಡುವೆ ದಟ್ಟ ಕಾಡು. ಗಿರಾಕಿ ಕಡಿಮೆ ಎಂದು ಕಂಪನಿಗಳಿಗೆ ಆಸಕ್ತಿ ಇಲ್ಲ. ಟವರ್ ನಿಲ್ಲಿಸಲು ಹೊರಟರೆ ಅರಣ್ಯದ ಅನುಮತಿ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಇದ್ದ ಟವರೂ ಮೂಕ.

ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. 2015ರಿಂದ ಅದರ ಹೆಸರು ಭಾರತ್‌ನೆಟ್. ಅದರ ಮೊದಲ ಗುರಿ ಪಂಚಾಯಿತಿ ಕಚೇರಿ. ಅಲ್ಲಿಂದ ತೋಟದ ಮನೆವರೆಗಿನ ದಾರಿ ಬೇರೆಯೇ.

ಆ ದಾರಿ ಎಷ್ಟು ಉದ್ದ ಎಂದು ತಿಳಿಯಲು ಪಡಿತರ ಕೊಡುವ ಸೊಸೈಟಿಯ ಜಗಲಿ ಸಾಕು. ಅಕ್ಕಿಗೆ ಬಂದ ಅಜ್ಜಿಯೊಬ್ಬರು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ‘ಅಡಿಕೆ ಸುಲಿದು ಗೆರೆಯೇ ಸವೆದು ಹೋಗ್ಯದೆ ತಮ್ಮಾ, ಇದಕ್ಕೆ ನನ್ನ ಗುರುತೇ ಸಿಗೂದಿಲ್ಲ’ ಎಂದು ನಕ್ಕರು. ಒಟಿಪಿ ತರಿಸೋಣವೆಂದರೆ ಆಧಾರ್‌ಗೆ ಜೋಡಿಸಿದ್ದು ಬೆಂಗಳೂರಿನಲ್ಲಿರುವ ಮಗನ ನಂಬರು. ಅವನು ಕೆಲಸದಲ್ಲಿದ್ದಾನೆ, ಕರೆ ಎತ್ತುತ್ತಿಲ್ಲ. ನಿಮಿಷಗಳಲ್ಲೇ ಒಟಿಪಿಯ ಅವಧಿ ಮುಗಿಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದ ಸಂದೇಶವೂ ಅದೇ ಫೋನಿಗೆ ಹೋಗುತ್ತದಂತೆ. ಅಜ್ಜಿಯ ದುಡ್ಡಿನ ಸುದ್ದಿ ಮೊದಲು ಬೆಂಗಳೂರಿಗೆ, ಆಮೇಲೆ ಅಜ್ಜಿಗೆ.

ಬೆರಳಚ್ಚು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಜಗಲಿಯಲ್ಲಿ ಕೂತ ಹಿರಿಯರಲ್ಲಿ ವಿಚಾರಿಸಿದೆ. ಈ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು ಎಲ್ಲರಿಗೂ ಬಾಯಿಪಾಠ. ನಾಳೆ ಬರಲು ಮತ್ತೆ ಆಟೋ ಬಾಡಿಗೆ, ಮತ್ತೊಂದು ದಿನದ ಕೂಲಿ ಖೋತಾ.

ಟವರ್ ಬೇಕು, ಫೈಬರೂ ಬೇಕು. ಆದರೆ ಅವೆರಡೂ ಬಂದ ಮೇಲೂ ಕೀಪ್ಯಾಡ್ ಫೋನಿನ ಅಜ್ಜಿಯ ಪಕ್ಕದಲ್ಲಿ ಕೂತು ಅರ್ಜಿ ತುಂಬಿಕೊಡುವ ಒಬ್ಬ ಮನುಷ್ಯ ಬೇಕೇ ಬೇಕು. ಕಾಗದದ ಅರ್ಜಿ ತೆಗೆದುಕೊಳ್ಳುವ ಒಂದು ಕಿಟಕಿಯನ್ನಾದರೂ ಸರ್ಕಾರ ತೆರೆದಿಡಬೇಕು. ಹಬ್ಬಕ್ಕೆ ಊರಿಗೆ ಹೋಗುವ ಮಕ್ಕಳೂ ಒಂದು ಕೆಲಸ ಮಾಡಬಹುದು: ಅಪ್ಪ, ಅಮ್ಮನ ಆಧಾರ್‌ಗೆ ಯಾರ ನಂಬರು ಜೋಡಿಸಿದೆ ಎಂದು ನೋಡಿ, ಅವರ ಕೈಯಲ್ಲಿರುವ ಫೋನಿನ ನಂಬರನ್ನೇ ಸೇರಿಸಿ ಬನ್ನಿ.