ಬೆಳಕಿನ ಕೋಲು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಬೆಳಕಿಂಡಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಜಂತಿಗಳ ಮೇಲೆ ಮಣ್ಣು ಹಾಸಿ ಗಟ್ಟಿಮಾಡಿದ ಮಾಳಿಗೆಯಲ್ಲಿ ಬಿಟ್ಟ ಒಂದು ಚಿಕ್ಕ ಬೆಳಕಿನ ಕಿಂಡಿಯೇ ಬೆಳಕಿಂಡಿ. ಬಿಸಿಲಿನ ಕಾವು ಒಳಗೆ ಬಾರದಿರಲೆಂದು ಗೋಡೆಗಳನ್ನು ದಪ್ಪಮಾಡಿ, ಕಿಟಕಿಗಳನ್ನು ಕಿರಿದುಮಾಡಿದ ಮನೆಯ ನಡುಕೋಣೆಗೆ ಅದೊಂದೇ ಕಣ್ಣು. ಹೊತ್ತೇರಿದಂತೆ ಅದರೊಳಗಿಂದ ಬೆಳಕಿನ ಕೋಲೊಂದು ಇಳಿದು ನೆಲವನ್ನು ಮುಟ್ಟುವುದು. ಅದರೊಳಗೆ ಧೂಳಿನ ಕಣಗಳು ಏರುತ್ತ ಇಳಿಯುತ್ತ ಆಡುವುವು. ಕೂಸುಗಳು ಅದನ್ನು ಹಿಡಿಯಹೋಗಿ ಬರಿಗೈ ನೋಡಿಕೊಳ್ಳುವುವು.

ಈಗ ಈ ಕೋಲು ಮತ್ತೊಂದು ಎಡೆಯಲ್ಲಿ ಕಾಣಿಸಿಕೊಂಡಿದೆ. ನಾಗನೂರಿನಂಥ ಊರುಗಳಲ್ಲಿಯೂ ಇಂದು ಮನೆ ಕಟ್ಟಿಸುವವರ ಮುಂದೆ ಬರಿಯ ಗೆರೆಗಳ ನಕಾಶೆಯನ್ನಷ್ಟೇ ಇಡುವುದಿಲ್ಲ. ಇನ್ನೂ ಕಟ್ಟದಿರುವ ಮನೆಯ ಪಡಸಾಲೆಯನ್ನು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವರು. ಅಂಥ ಚಿತ್ರಗಳಲ್ಲಿ ಕಿಟಕಿಯಿಂದ ಬೆಳಕಿನ ಪಟ್ಟಿಗಳು ಓರೆಯಾಗಿ ಇಳಿದಿರುವುದನ್ನು ತಾವೂ ಕಂಡಿರಬಹುದು. ನೋಟ ಮನೋಹರವಾದುದು, ನಿಜ. ಆದರೆ ಆ ಪಟ್ಟಿಯನ್ನು ಹೇಗೆ ಬರೆಯುತ್ತಾರೆ, ಅದು ಮನೆಯ ವಿಷಯದಲ್ಲಿ ನಮಗೆ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೆಳಕು ಎಲ್ಲವನ್ನೂ ಕಾಣಿಸುತ್ತದೆ. ತಾನು ಮಾತ್ರ ಕಾಣಿಸದು. ನಮ್ಮೆದುರಿಗೆ ಅಡ್ಡಲಾಗಿ ಹಾಯ್ದುಹೋಗುವ ಕಿರಣವು ನಮ್ಮ ಕಣ್ಣಿಗೆ ಬಾರದೆ ಮುಂದೆ ಸಾಗುವುದಾದ್ದರಿಂದ ನಾವು ಅದನ್ನು ಕಾಣೆವು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಚಿಕ್ಕದೊಂದು ರಂಧ್ರದ ಮೂಲಕ ಬಂದ ಬೆಳಕು ಗೋಪುರದ ತಲೆಕೆಳಗಾದ ಬಿಂಬವನ್ನು ಒಳಗಿನ ಗೋಡೆಯ ಮೇಲೆ ಮೂಡಿಸುತ್ತದೆ. ನೋಡುವವರಿಗೆ ಗೋಡೆಯ ಮೇಲಿನ ಬಿಂಬ ಕಾಣುವುದೇ ಹೊರತು ರಂಧ್ರದಿಂದ ಗೋಡೆಯವರೆಗೆ ಬೆಳಕು ನಡೆದ ದಾರಿ ಕಾಣುವುದಿಲ್ಲ. ದಾರಿ ಕಾಣಬೇಕಾದರೆ ಅದರಲ್ಲಿ ಏನಾದರೂ ಇದ್ದು, ಬೆಳಕನ್ನು ತಡೆದು, ಸುತ್ತಲೂ ಚದರಿಸಬೇಕು.

ಇದನ್ನು ಸ್ಪಷ್ಟಪಡಿಸಿದವರಲ್ಲಿ ಮುಖ್ಯನು ಐರ್ಲೆಂಡಿನಲ್ಲಿ ಹುಟ್ಟಿದ ವಿಜ್ಞಾನಿ ಜಾನ್ ಟಿಂಡಾಲ್ (1820-1893). ಕತ್ತಲೆಯ ಕೋಣೆಯಲ್ಲಿ ಪ್ರಖರವಾದ ಬೆಳಕಿನ ಕೋಲನ್ನು ಹಾಯಿಸಿ, ಅದರ ಕೆಳಗೆ ಉರಿಯುವ ದೀಪವನ್ನಿಟ್ಟರೆ ಕೋಲಿನೊಳಗೆ ಕಪ್ಪು ಹೊಗೆಯಂಥ ಸುರುಳಿಗಳು ಏಳುವುದನ್ನು ಅವನು ಕಂಡನು. ಅದು ಹೊಗೆಯಲ್ಲ, ದೀಪದ ಕಾವಿನಿಂದ ಧೂಳು ಕಳೆದುಹೋದ ಶುದ್ಧ ಗಾಳಿ. ಬೆಳಕು ಅಲ್ಲಿಯೂ ಹಾಯುತ್ತಿದ್ದಿತು. ಚದರಿಸಲು ಕಣಗಳಿಲ್ಲದ್ದರಿಂದ ಆ ಎಡೆ ಕಪ್ಪಾಗಿ ತೋರಿತು. ಒಳಮೈಗೆ ಗ್ಲಿಸರಿನ್ ಬಳಿದ ಪೆಟ್ಟಿಗೆಯನ್ನು ಅಲುಗಾಡಿಸದೆ ಇಟ್ಟು ಧೂಳೆಲ್ಲ ಅಂಟಿಕೊಂಡ ಮೇಲೆ ನೋಡಿದಾಗ, ಹೊರಗೆ ಹೊಳೆಯುತ್ತಿದ್ದ ಕೋಲು ಪೆಟ್ಟಿಗೆಯೊಳಗೆ ಮಾಯವಾಗಿದ್ದಿತು.

ನಮ್ಮ ಹಿಂದಿನವರೂ ಈ ಕೋಲನ್ನು ಕಣ್ಣಿಟ್ಟು ನೋಡಿದವರೇ. ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ತೂಕಗಳ ಲೆಕ್ಕವು ಮೊದಲಾಗುವುದು ಇಲ್ಲಿಂದಲೇ: ಜಾಲಾಂದ್ರದೊಳಗಿಂದ ಬಿಸಿಲು ಬೀಳುವಾಗ ಕಾಣುವ ಸಣ್ಣ ಧೂಳಿನ ಕಣಕ್ಕೆ ತ್ರಸರೇಣುವೆಂದು ಹೆಸರು, ಅಂಥ ಎಂಟು ಸೇರಿದರೆ ಒಂದು ಲಿಕ್ಷೆ, ಎಂದರೆ ಹೇನಿನ ಸೀರು. ಕಣ್ಣಿಗೆ ಕಾಣುವ ವಸ್ತುಗಳಲ್ಲೆಲ್ಲ ಅತಿ ಸಣ್ಣದನ್ನು ಅವರು ಹುಡುಕಿದ್ದು ಬೆಳಕಿನ ಕೋಲಿನಲ್ಲಿ. ಕೋಲು ಕಾಣುವುದೆಂದರೆ ಕಣ ಕಾಣುವುದೆಂದೇ ಅರ್ಥ.

ಆದುದರಿಂದ ಬೆಳಕಿನ ಕೋಲನ್ನು ಬರೆಯಹೊರಟ ಚಿತ್ರಗಾರನು ನಿಜವಾಗಿ ಬರೆಯುವುದು ಗಾಳಿಯನ್ನು. ಅವನು ಪಾಲಿಸಬೇಕಾದ ಕೆಲವು ನಿಯಮಗಳಿವೆ.

ಮೊದಲನೆಯದು ಕತ್ತಲೆ. ಹಗಲಿನಲ್ಲಿ ನಕ್ಷತ್ರ ಕಾಣದಂತೆ, ಬೆಳ್ಳಗಿನ ಗೋಡೆಯ ಮುಂದೆ ಕೋಲು ಕಾಣದು. ಕಾಗದದ ಮೇಲೆ ಬರೆಯುವವನು ಕೋಲಿನ ಎಡೆಯನ್ನು ಬಿಳಿಯಾಗಿ ಬಿಟ್ಟು, ಸುತ್ತಲಿನದನ್ನು ಕಪ್ಪುಮಾಡುತ್ತಾನೆ. ಅಮೇರಿಕೆಯ ಹ್ಯೂ ಫೆರಿಸ್ (1889-1962) ಎಂಬ ಕಟ್ಟಡ ಚಿತ್ರಗಾರನು ಈ ಬಗೆಯಲ್ಲಿ ಹೆಸರಾದವನು. 1929ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಮುಂದಿನ ಕಾಲದ ನಗರಗಳು ಮಸುಕಿನಲ್ಲಿ ಮುಳುಗಿ, ಬೆಳಕು ಬಿದ್ದಲ್ಲಿ ಮಾತ್ರ ಎದ್ದು ತೋರುತ್ತವೆ.

ಎರಡನೆಯದು ದಿಕ್ಕು. ಸೂರ್ಯನು ಚಿತ್ರಗಾರನ ಇಚ್ಛೆಯಂತೆ ನಡೆಯುವವನಲ್ಲ. ನಾಗನೂರಿನ ಸೀಮೆ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಇಲ್ಲಿ ಸೂರ್ಯನು ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 10 ಅಡಿ ಎತ್ತರದ ಮಾಳಿಗೆಯ ಕಿಂಡಿಯಿಂದ ಇಳಿದ ಕೋಲು, ಕಿಂಡಿಯ ನೇರ ಕೆಳಗಿನ ಜಾಗದಿಂದ ಸುಮಾರು 8 ಅಡಿ ಉತ್ತರಕ್ಕೆ ಬೀಳುವುದು. ಮೇ 5 ಮತ್ತು ಆಗಸ್ಟ್ 8ರ ಆಸುಪಾಸಿನಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಬರುವುದರಿಂದ ಕೋಲು ತೂಗುಗುಂಡಿನ ಹಗ್ಗದಂತೆ ನೆಟ್ಟಗಿರುವುದು. ಜೂನ್ ಕೊನೆಗೆ ಅದು ಒಂದು ಅಡಿಗಿಂತ ತುಸು ಹೆಚ್ಚು ದಕ್ಷಿಣಕ್ಕೆ ಸರಿಯುವುದು. ಈ ಲೆಕ್ಕದ ಬಲ್ಲವಿಕೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಾಯಂಕಾಲದ ಕಿರಣವು ನಂದಿಯ ಕೋಡುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುತ್ತದೆ. ಹೀಗಿರಲು ಉತ್ತರದ ಕಿಟಕಿಯಿಂದ ನಡುಮಧ್ಯಾಹ್ನ ನೀಳವಾದ ಬಿಸಿಲಿನ ಪಟ್ಟಿಯನ್ನು ಪಡಸಾಲೆಗೆ ಇಳಿಸಿದ ಚಿತ್ರವನ್ನು ಕಂಡರೆ, ಅದು ನಮ್ಮೂರಿನ ಸೂರ್ಯನಲ್ಲವೆಂದು ತಿಳಿಯಬೇಕು.

ಮೂರನೆಯದು ಅಂಚು. ಸೂರ್ಯನು ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ಸಮಾಂತರವಾಗಿಯೇ ಬರುತ್ತವೆ. ಕಿಟಕಿಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡ ಬೆಳಕು, ಹೊರಗೆ ಹತ್ತಿರದಲ್ಲಿಯೇ ನಿಲ್ಲಿಸಿದ ದೀಪದ್ದು. ಕೋಲು ನಮ್ಮ ಕಡೆಗೆ ಬರುತ್ತಿದ್ದರೆ ರೈಲು ಹಳಿಗಳಂತೆ ಅಗಲವಾದ ಹಾಗೆ ತೋರುವುದುಂಟು. ಅದು ಕಣ್ಣಿನ ಆಟ. ಆದರೂ ಸೂರ್ಯಬಿಂಬಕ್ಕೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಿರುವುದರಿಂದ, 10 ಅಡಿ ಸಾಗುವಷ್ಟರಲ್ಲಿ ಕೋಲಿನ ಅಂಚು ಸುಮಾರು ಒಂದು ಅಂಗುಲ ಮಸುಕಾಗುವುದು. ಚಾಕುವಿನಿಂದ ಕೊಯ್ದಂಥ ಅಂಚು ನೆಲದವರೆಗೂ ಇದ್ದರೆ ಅದು ಸಹಜವಾಗಿ ತೋರದು.

ನಾಲ್ಕನೆಯದು ನಿಲುವು ಮತ್ತು ಬಣ್ಣ. ಧೂಳಿನ ಕಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಮುಂದಕ್ಕೆ ಎಸೆಯುವುದು. ಆದ್ದರಿಂದ ಬೆಳಕು ಬರುವ ಕಡೆಗೆ ಮುಖಮಾಡಿ ನಿಂತವನಿಗೆ ಕೋಲು ಉಜ್ವಲವಾಗಿಯೂ, ಬೆನ್ನುಮಾಡಿ ನಿಂತವನಿಗೆ ಮಂಕಾಗಿಯೂ ಕಾಣುವುದು. ಕಣಗಳು ದಪ್ಪವಾಗಿದ್ದರೆ ಕೋಲು ಬೆಳ್ಳಗೆ. ಕಟ್ಟಿಗೆಯ ಎಳೆಹೊಗೆಯಂತೆ ಅತಿ ಸಣ್ಣವಾಗಿದ್ದರೆ ತುಸು ನೀಲಿ. ಕಬ್ಬಿನ ಕಾಲದಲ್ಲಿ ಗಾಣದ ಮನೆಗೆ ಹೋದವರು ಇವೆರಡನ್ನೂ ಕಾಣಬಹುದು. ಕುದಿಯುವ ಕೊಪ್ಪರಿಗೆಯ ಉಗಿಯಲ್ಲಿ ಬಿದ್ದ ಬಿಸಿಲು ಹಾಲಿನ ಹಾಗೆ, ಒಲೆಯ ತೆಳುಹೊಗೆಯಲ್ಲಿ ಬಿದ್ದುದು ನೀಲಿಯ ಹಾಗೆ.

ಇನ್ನು ಕಂಪ್ಯೂಟರಿನ ಮಾತು. ಗೋಡೆ, ಕಿಟಕಿ, ಸೂರ್ಯ ಎಲ್ಲವನ್ನೂ ಅದಕ್ಕೆ ಹೇಳಿಕೊಟ್ಟರೂ ಕೋಲು ತಾನಾಗಿ ಮೂಡುವುದಿಲ್ಲ. ಏಕೆಂದರೆ, ಬೇರೆ ಹೇಳದಿದ್ದರೆ ಅದು ಕೋಣೆಯನ್ನು ಬರಿದೆಂದೇ ಎಣಿಸುತ್ತದೆ. ಟಿಂಡಾಲನ ಪೆಟ್ಟಿಗೆಯಂತೆ ಅಲ್ಲಿ ಒಂದು ಕಣವೂ ಇಲ್ಲ. ಆದ್ದರಿಂದ ಚಿತ್ರಗಾರನು ಕೋಣೆಯಲ್ಲಿ ತೆಳುವಾದ ಮಂಜನ್ನು ತುಂಬಿ, ಅದು ಎಷ್ಟು ದಟ್ಟ, ಬೆಳಕನ್ನು ಎಷ್ಟು ನುಂಗುತ್ತದೆ, ಎಷ್ಟನ್ನು ಯಾವ ಕಡೆಗೆ ಚದರಿಸುತ್ತದೆ ಎಂಬುದನ್ನು ಗೊತ್ತುಮಾಡಬೇಕು. ಬಳಿಕ ಯಂತ್ರವು ಪ್ರತಿಯೊಂದು ಕಿರಣವನ್ನೂ ದಾರಿಯಲ್ಲಿ ಹಲವು ಕಡೆ ನಿಲ್ಲಿಸಿ ಲೆಕ್ಕಹಾಕುತ್ತದೆ. ಮಂಜು ಕಡಿಮೆಯಾದರೆ ಕೋಲು ಕಾಣದು; ಹೆಚ್ಚಾದರೆ ಕೋಣೆಯೆಲ್ಲ ಬೂದಿ ಬಳಿದಂತಾಗಿ ಕೋಲು ಅದರಲ್ಲಿಯೇ ಕರಗುವುದು. ಲೆಕ್ಕಕ್ಕೆ ಬಹಳ ಹೊತ್ತು ಹಿಡಿಯುವುದರಿಂದ, ಸಿದ್ಧವಾದ ಚಿತ್ರದ ಮೇಲೆ ಕುಂಚವಾಡಿಸಿದ ಹಾಗೆ ಬಿಳಿಯ ಪಟ್ಟಿಯನ್ನು ಕೈಯಿಂದಲೇ ಎಳೆದುಬಿಡುವುದೂ ಉಂಟು. ದಿಕ್ಕು ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಈಗ ಮನೆ ಕಟ್ಟಿಸುವವರು ವಿಚಾರಮಾಡಬೇಕಾದ ಸಂಗತಿಗೆ ಬಂದೆವು. ಚಿತ್ರದಲ್ಲಿ ಬೆಳಕಿನ ಕೋಲನ್ನು ಕಂಡೊಡನೆ, ಈ ಮನೆಗೆ ಬೆಳಕು ಹೇರಳವೆಂದು ಮನಸ್ಸು ಒಪ್ಪಿಬಿಡುತ್ತದೆ. ಮೇಲೆ ಹೇಳಿದುದನ್ನು ನೆನೆದರೆ ಅರ್ಥವು ತಿರುಗುಮುರುಗಾಗುತ್ತದೆ. ಕೋಲು ಎದ್ದು ಕಾಣಬೇಕಾದರೆ ಎರಡು ಬೇಕು: ಕೋಣೆ ಕತ್ತಲೆಯಾಗಿರಬೇಕು, ಗಾಳಿ ಧೂಳಿನಿಂದಲೋ ಹೊಗೆಯಿಂದಲೋ ತುಂಬಿರಬೇಕು. ಚೆನ್ನಾಗಿ ಬೆಳಕು ಹರಡಿದ, ಗಾಳಿ ಆಡುವ, ಶುಚಿಯಾದ ಮನೆಯಲ್ಲಿ ಕೋಲು ಕಾಣುವುದೇ ಅಪರೂಪ.

ಹಳೆಯ ಅಡಿಗೆಮನೆಯ ಬೆಳಕಿಂಡಿಯ ಚೆಲುವನ್ನು ಹೊಗಳುವವರೂ ಇದನ್ನು ಮರೆಯಲಾಗದು. ಆ ಕೋಲಿಗೆ ಮೈಕೊಟ್ಟದ್ದು ಕುಳ್ಳು ಕಟ್ಟಿಗೆಗಳ ಹೊಗೆ. ಅದೇ ಹೊಗೆ ಒಲೆಯ ಮುಂದೆ ಕುಳಿತ ತಾಯಂದಿರ ಕಣ್ಣನ್ನು ಉರಿಸಿತು, ಎದೆಯನ್ನು ಸೇರಿತು. ಹೊಗೆಯ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ದೊಡ್ಡವರಲ್ಲಿ ಮಾಗದ ಕೆಮ್ಮು ದಮ್ಮುಗಳಿಗೂ, ಎಳೆಯ ಮಕ್ಕಳಲ್ಲಿ ನ್ಯುಮೋನಿಯಾಕ್ಕೂ ಕಾರಣವಾಗುತ್ತವೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಬೆಳಕಿಂಡಿಯು ಬೆಳಕನ್ನು ಒಳಗೆ ತಂದಂತೆ ಹೊಗೆಯನ್ನು ಹೊರಗೂ ಕಳಿಸುತ್ತಿದ್ದಿತು. ಅದರ ದೊಡ್ಡ ಉಪಕಾರವು ಅದು. ಆದರೆ ಕೋಲು ಕಾಣುತ್ತಿದ್ದಷ್ಟು ಹೊತ್ತು ಹೊಗೆ ಒಳಗೆ ಉಳಿದಿದೆಯೆಂದೇ ಲೆಕ್ಕ.

ಹಾಗೆಂದು ಚಿತ್ರದಲ್ಲಿ ಕೋಲನ್ನು ಬರೆಯಲೇಬಾರದೆಂದು ಹೇಳುವುದಿಲ್ಲ. ಬೆಳಕು ಎಲ್ಲಿಂದ ಬಂದು ಎಲ್ಲಿ ಬೀಳುವುದೆಂಬುದನ್ನು ಒಂದೇ ನೋಟಕ್ಕೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ತಾವು ಮನೆ ಕಟ್ಟಿಸುವವರಾದರೆ ನಕಾಶೆಗಾರರನ್ನು ನಾಲ್ಕು ಮಾತು ಕೇಳಿರಿ. ಇದು ಯಾವ ತಿಂಗಳ, ಯಾವ ಹೊತ್ತಿನ ಬಿಸಿಲು? ಪಕ್ಕದ ಮನೆಯ ಗೋಡೆಯನ್ನು ಲೆಕ್ಕಕ್ಕೆ ಹಿಡಿದಿರುವಿರಾ? ತುಂಬಿದ ಮಂಜನ್ನು ತೆಗೆದು ಇದೇ ಕೋಣೆಯನ್ನು ಇನ್ನೊಮ್ಮೆ ತೋರಿಸುವಿರಾ? ಶ್ರಾವಣದ ಮೋಡದ ದಿನ ಇಲ್ಲಿ ಕುಳಿತು ಮಗು ಪುಸ್ತಕ ಓದಬಲ್ಲುದೇ? ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಹಣವನ್ನು ಧೈರ್ಯವಾಗಿ ಹಾಕಬಹುದು. ಕೋಲು ಕಾಣಲಿ, ಕಾಣದಿರಲಿ.